ಲೆಕ್ಕಕ್ಕೆ ಬಾರದ ಚಳಿಗಾಲ

ದೀಪಾವಳಿ ಕಳೆದು ಕೆಲವು ದಿನಗಳಾಗುವಷ್ಟರಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಮೇಲೆ ಪಟ್ಟೆತಲೆಯ ಹೆಬ್ಬಾತುಗಳ ಸಾಲುಗಳು ಕಾಣಿಸಿಕೊಳ್ಳುತ್ತವೆ. ಟಿಬೆಟ್, ಮಂಗೋಲಿಯ, ಲಡಾಖ್ ಮೊದಲಾದ ಎತ್ತರದ ಪ್ರಸ್ಥಭೂಮಿಗಳಲ್ಲಿ ಮರಿಮಾಡುವ ಈ ಹಕ್ಕಿಗಳು, ಅಲ್ಲಿನ ಸರೋವರಗಳು ಹೆಪ್ಪುಗಟ್ಟುವ ಮೊದಲೇ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಹೊರಡುತ್ತವೆ. ಕೇವಲ 54 ಹೆಕ್ಟೇರ್ ವಿಸ್ತಾರದ, ನೀರಾವರಿಗೆಂದು ಕಟ್ಟಿದ ಈ ಕೆರೆಗೆ ಪ್ರತಿ ಚಳಿಗಾಲದಲ್ಲೂ ಸುಮಾರು 8,000 ಹೆಬ್ಬಾತುಗಳು ಬರುತ್ತವೆಂದು ಅಂದಾಜು. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಮುಖ್ಯವಾಗಿ ಇವುಗಳಿಂದ.

ಹಿಮದ ನಾಡಿನಿಂದ ಬಂದ ಹಕ್ಕಿಗೆ ಇಲ್ಲಿನ ಚಳಿ ಚಳಿಯೇ ಅಲ್ಲ. ಡಿಸೆಂಬರ್–ಜನವರಿ ತಿಂಗಳುಗಳಲ್ಲಿ ಗದಗ ಸೀಮೆಯ ನಸುಕಿನ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಕೆಲವು ರಾತ್ರಿಗಳಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿಯುವುದುಂಟು. ಕಂಬಳಿ ಹೊದ್ದು ಕೂತು, ಸೂರ್ಯ ಒಂದು ಮಾರು ಮೇಲೇರಿದ ಮೇಲೆ ಮರೆತುಬಿಡುವಷ್ಟು ಚಳಿ ಅದು. ಆದರೆ ಹೆಬ್ಬಾತುಗಳು ಇಲ್ಲಿಗೆ ಬರುವುದು ಕೆರೆಯ ನೀರಿಗಾಗಿ ಮಾತ್ರವಲ್ಲ. ಕೆರೆಯಲ್ಲಿ ತಂಗುವ ಈ ಹಕ್ಕಿಗಳು ಮೇವಿಗೆ ಇಳಿಯುವುದು ಸುತ್ತಲ ಹೊಲಗಳಿಗೆ. ಮಳೆ ನಿಂತು ತಿಂಗಳುಗಳೇ ಕಳೆದರೂ ಆ ಹೊಲಗಳಲ್ಲಿ ಹಸಿರು ಉಳಿದಿರುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಸೀಮೆಯ ಹವಾಮಾನದ ಬಗೆಗಿನ ಚರ್ಚೆಗಳು ಅಪರೂಪಕ್ಕೂ ಕೇಳುವುದಿಲ್ಲ.

ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹವಾಮಾನವೆಂದರೆ ಮಳೆ ಎಂದೇ ಅರ್ಥ. ಇದು ಸಹಜವೇ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ತನ್ನ ನೀರಿನ ಬಹುಪಾಲನ್ನು ಸಹ್ಯಾದ್ರಿಯ ಪಡುವಣ ಇಳಿಜಾರಿನಲ್ಲಿ ಸುರಿದುಬಿಟ್ಟು, ಪೂರ್ವಕ್ಕೆ ಇಳಿಯುವಾಗ ಒಣಗುತ್ತ, ಬಿಸಿಯಾಗುತ್ತ ಬರುತ್ತದೆ. ಆಷಾಢದಲ್ಲಿ ಈ ಬಯಲಿನ ಮೇಲೆ ಗಾಳಿಯ ಅಬ್ಬರವಿರುತ್ತದೆ, ಓಡುವ ಮೋಡಗಳಿರುತ್ತವೆ, ಮಳೆ ಮಾತ್ರ ಜಿನುಗಿ ನಿಲ್ಲುತ್ತದೆ. ವರ್ಷದ ಸರಾಸರಿ 600ರಿಂದ 650 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅಂದರೆ ಮುಂಗಾರು ಗಾಳಿಯ ಬಿರುಸು ತಗ್ಗಿ ಮಧ್ಯಾಹ್ನದ ಗುಡುಗು ಮಳೆಗಳಿಗೆ ಎಡೆ ಸಿಕ್ಕಾಗ, ಮತ್ತು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಪಶ್ಚಿಮಕ್ಕೆ ಸರಿದಾಗ. ಮೃಗಶಿರ, ಆರಿದ್ರಾ ಮಳೆಗಳನ್ನು ನಂಬಿ ಹೆಸರು, ಶೇಂಗಾ ಬಿತ್ತುವ ರೈತರು ಪುನರ್ವಸು, ಪುಷ್ಯಗಳಲ್ಲಿ ಮುಗಿಲು ನೋಡುತ್ತ ಕೂರುವುದು ಇತ್ತೀಚಿನ ಬೆಳವಣಿಗೆಯೇನಲ್ಲ.

ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳ ನಕ್ಷೆಯಲ್ಲಿ ಈ ಸೀಮೆ ಎರಡಾಗಿ ಸೀಳಿಹೋಗಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಕ್ಷ್ಮೇಶ್ವರವೂ ಸೇರಿದ್ದ ಹಳೆಯ ಶಿರಹಟ್ಟಿ ತಾಲ್ಲೂಕು ಉತ್ತರದ ಅರೆಮಲೆನಾಡು ವಲಯಕ್ಕೆ, ಗದಗ ಮತ್ತು ಮುಂಡರಗಿಗಳು ಉತ್ತರದ ಒಣವಲಯಕ್ಕೆ ಸೇರಿವೆ. ಗೆರೆ ಎಳೆದವರು ಮಳೆಯ ಪ್ರಮಾಣ, ಮಣ್ಣು, ಬೆಳೆಗಳನ್ನು ನೋಡಿ ಎಳೆದರು, ತಪ್ಪೇನಿಲ್ಲ. ಆದರೆ ಲಕ್ಷ್ಮೇಶ್ವರದ ಬದಿಯ ಎರೆಹೊಲವನ್ನೂ ಗದಗದ ಎರೆಹೊಲವನ್ನೂ ಒಂದುಗೂಡಿಸುವ, ಅದೇ ಹೊತ್ತಿಗೆ ಒಂದೇ ಊರಿನ ಎರೆಯನ್ನೂ ಮಸಾರಿಯನ್ನೂ ಬೇರೆ ಮಾಡುವ ಇನ್ನೊಂದು ಗೆರೆ ಇದೆ. ಅದು ಮಳೆ ನಿಂತ ಮೇಲೆ ಕಾಣಿಸುವ ಗೆರೆ.

ಹಿಮಾಲಯದ ರೈತನಿಗೆ ಹಿಮವೆಂದರೆ ನೀರಿನ ಠೇವಣಿ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ, ಮಳೆಯೇ ಇಲ್ಲದ ಲಡಾಖಿನ ಬಾರ್ಲಿ ಹೊಲಕ್ಕೆ ಕಾಲುವೆಯಾಗಿ ಬರುತ್ತದೆ. ಮಳೆ ಬೀಳುವ ಕಾಲಕ್ಕೂ ಬೆಳೆ ನೀರು ಕೇಳುವ ಕಾಲಕ್ಕೂ ನಡುವಿನ ಅಂತರವನ್ನು ಅಲ್ಲಿ ಹಿಮ ತುಂಬಿಕೊಡುತ್ತದೆ. ಗದಗ ಸೀಮೆಯಲ್ಲಿ ಆ ಕೆಲಸವನ್ನು ಮಾಡುವುದು ಎರೆಮಣ್ಣು. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು, ಬೇರಿಗೆ ದಕ್ಕುವಂಥ ನೀರನ್ನು 150ರಿಂದ 200 ಮಿಲಿಮೀಟರ್ ಮಳೆಗೆ ಸಮನಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಕಪ್ಪತಗುಡ್ಡದ ತಪ್ಪಲಿನ ತೆಳು ಮಸಾರಿ ಇದರ ಅರ್ಧವನ್ನೂ ಹಿಡಿಯಲಾರದು. ಆದ್ದರಿಂದಲೇ ಮಸಾರಿಯವರು ಮುಂಗಾರಿಯನ್ನು, ಎರೆಯವರು ಹಿಂಗಾರಿಯನ್ನು ನೆಚ್ಚಿಕೊಂಡಿದ್ದಾರೆ.

ಹಿಂಗಾರಿಯ ಬಿತ್ತನೆ ಉತ್ತರಿ, ಹಸ್ತಾ, ಚಿತ್ತಾ ಮಳೆಗಳದ್ದು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿಳಿಜೋಳ; ಅದರ ಬೆನ್ನಿಗೆ ಕಡಲೆ, ಕುಸುಬೆ, ಗೋಧಿ. ಆಮೇಲೆ ಸ್ವಾತಿಯೋ ವಿಶಾಖೆಯೋ ಒಂದು ಸಲ ಹನಿಸಿದರೆ ಸರಿ, ಹನಿಸದಿದ್ದರೂ ಬೆಳೆ ನಿಲ್ಲುತ್ತದೆ. ನಾಲ್ಕು ತಿಂಗಳ ಬೆಳೆ, ಮಳೆಯಿಲ್ಲದೆ, ನೀರಾವರಿಯಿಲ್ಲದೆ, ನೆಲದೊಳಗಿನ ಹಸಿಯನ್ನೇ ಇಷ್ಟಿಷ್ಟಾಗಿ ಹೀರಿಕೊಂಡು ತೆನೆ ಬಿಡುವ ಈ ಕ್ರಮ ಜಗತ್ತಿನ ಒಣ ಬೇಸಾಯದ ಪದ್ಧತಿಗಳಲ್ಲಿ ಗೌರವದ ಸ್ಥಾನಕ್ಕೆ ಅರ್ಹವಾದದ್ದು. ಮಹಾರಾಷ್ಟ್ರದ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ಕೆಯಾದ ಎಂ 35-1, ಅಂದರೆ ಮಾಲದಂಡಿ ಜೋಳ, ಇಂದಿಗೂ ಈ ಹೊಲಗಳಿಂದ ಪೂರ್ತಿ ಕದಲಿಲ್ಲ. ಪಕ್ಕದ ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ಹೆಸರನ್ನೇ ಹೊತ್ತ ಅಣ್ಣಿಗೇರಿ-1 ಕಡಲೆ ದಶಕಗಳ ಕಾಲ ಬಯಲನ್ನು ಆಳಿತು. ಈಗ ಜೆಜಿ-11 ಮತ್ತಿತರ ತಳಿಗಳು ಅದರ ಜಾಗಕ್ಕೆ ಬಂದಿವೆ. ತಳಿ ಬದಲಾದರೂ ಅವೆಲ್ಲ ನಂಬಿಕೊಂಡಿರುವುದು ಎರಡನ್ನು: ಒಳಗಿನ ಹಸಿ ಮತ್ತು ಹೊರಗಿನ ಚಳಿ.

ಚಳಿಯ ಪಾತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಲದೊಳಗೆ ಇರುವ ನೀರು ಗಂಟಿನ ಹಣವಿದ್ದಂತೆ. ಮುಂದೆ ಕೂಡುವುದಿಲ್ಲ, ಖರ್ಚು ಮಾತ್ರ. ಖರ್ಚಿನ ವೇಗವನ್ನು ನಿರ್ಧರಿಸುವುದು ಗಾಳಿಯ ಉಷ್ಣತೆ ಮತ್ತು ಒಣಗುತನ. ತಂಪು ದಿನಗಳಲ್ಲಿ ಎಲೆಯಿಂದ ಆವಿಯಾಗುವ ನೀರು ಕಡಿಮೆ. ತಂಪು ರಾತ್ರಿಗಳಲ್ಲಿ ಗಿಡದ ಉಸಿರಾಟ ನಿಧಾನವಾಗುತ್ತದೆ. ಹಗಲಿನ ಬಿಸಿಲಿನಲ್ಲಿ ತಯಾರಾದ ಸಕ್ಕರೆಯನ್ನು ಅದು ರಾತ್ರಿ ಉಸಿರಾಡಿ ಸುಟ್ಟುಬಿಡದೆ ಕಾಳಿಗೆ ಸಾಗಿಸುತ್ತದೆ. ಬೆಚ್ಚಗಿನ ರಾತ್ರಿಗಳಲ್ಲಿ ಬೆಳೆಗೆ ಅವಸರ: ಬೇಗ ಹೂ, ಬೇಗ ಕಾಯಿ, ಬೇಗ ಒಣಗುವಿಕೆ. ಕಾಳು ತುಂಬಲು ಸಿಗಬೇಕಾದ ದಿನಗಳಲ್ಲಿ ಎಂಟು ಹತ್ತು ದಿನ ಕಳೆದುಹೋದರೂ ಹೊಲ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ರಾಶಿ ಮಾಡಿ ತೂಕ ಹಾಕಿದಾಗಲೇ ನಷ್ಟ ತಿಳಿಯುವುದು. ಕಡಲೆ ಹೂ ಬಿಡುವ ಹೊತ್ತಿಗೆ ಹಗಲಿನ ಉಷ್ಣತೆ 35 ಡಿಗ್ರಿಯ ಕಡೆಗೆ ಹೋದರೆ ಪರಾಗವೇ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಬಿಸಿಯೂ ಒಣ ನೆಲವೂ ಕೂಡಿದಾಗ ಒಣ ಬೇರುಕೊಳೆ ರೋಗ ತಲೆ ಎತ್ತುತ್ತದೆ. ಚಳಿ ವಿಪರೀತವಾದರೂ ಕೇಡಿದೆ ಎನ್ನುವುದನ್ನು ಮುಚ್ಚಿಡಬೇಕಿಲ್ಲ: ಜೋಳ ಹೂವಾಡುವ ವಾರದಲ್ಲಿ ರಾತ್ರಿಯ ಉಷ್ಣತೆ ಬಹಳ ಕುಸಿದರೆ ತೆನೆಯಲ್ಲಿ ಕಾಳು ಕಚ್ಚುವುದು ಕಡಿಮೆಯಾಗುತ್ತದೆ. ಬಿತ್ತನೆಯ ದಿನವನ್ನು ಹಿರಿಯರು ಅಷ್ಟು ಬಿಗಿಯಾಗಿ ಹಿಡಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಇನ್ನು ಇಬ್ಬನಿ. ಮುಗಿಲು ತಿಳಿಯಾಗಿರುವ ಚಳಿಗಾಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಎಲೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಒಂದು ರಾತ್ರಿಯ ಇಬ್ಬನಿಯನ್ನು ಮಳೆಮಾಪಕದ ಭಾಷೆಯಲ್ಲಿ ಹೇಳಿದರೆ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ, ನಗೆ ಬರುವಷ್ಟು ಅಲ್ಪ. ಆದರೆ ಎಲೆ ಒದ್ದೆಯಾಗಿರುವಷ್ಟು ಹೊತ್ತು ಗಿಡ ಒಳಗಿನ ನೀರನ್ನು ಖರ್ಚು ಮಾಡುವುದಿಲ್ಲ. ಆ ಉಳಿತಾಯವೇ ಅದರ ಲಾಭ. ಕಡಲೆಯ ಎಲೆಯ ಮೇಲಿನ ಹುಳಿ ಇಬ್ಬನಿಯಲ್ಲಿ ಕರಗಿರುತ್ತದೆ. ರಾತ್ರಿ ಹೊಲದ ಮೇಲೆ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ಆ ಹುಳಿಯನ್ನು ಹೊಟ್ಟೆನೋವಿನ ಔಷಧಿಗೆಂದು ಇಟ್ಟುಕೊಳ್ಳುವ ರೂಢಿ ಹಿಂದೆ ಇತ್ತು. ಒಣಗಿದ ಕಡಲೆಯನ್ನು ಇಬ್ಬನಿ ಆರುವ ಮೊದಲೇ ಕೀಳುವುದು ಇಂದಿಗೂ ನಡೆದಿದೆ. ತೇವದಿಂದ ಮೆತ್ತಗಾದ ಕಾಯಿ ಒಡೆದು ಉದುರುವುದಿಲ್ಲ. ಆ ಕೆಲಸಕ್ಕೆ ಬೆಳಗಿನ ಐದಕ್ಕೇ ಹೊಲಕ್ಕಿಳಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಹುಳಿ ಕೈ ಕೊರೆಯದಂತೆ ಬಟ್ಟೆ ಸುತ್ತಿಕೊಂಡು. ಮಕರ ಸಂಕ್ರಮಣದ ಆಚೀಚೆ ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಚ್ಚಿ ಹಾಲುದೆನೆ ಸುಟ್ಟು, ತಿಕ್ಕಿ, ಬೆಲ್ಲ–ಶೇಂಗಾ ಹಿಂಡಿಯೊಡನೆ ಸೀತನಿ ತಿನ್ನುವ ಸಂಭ್ರಮವೂ ಈ ಚಳಿಯ ಕೊಡುಗೆಯೇ.

ಬೆಟಗೇರಿಯ ನೇಕಾರರಿಗೂ ಗಾಳಿಯ ಈ ತೇವ–ಒಣಗುಗಳ ಅರಿವು ಚೆನ್ನಾಗಿದೆ. ಮೂಡಣ ಗಾಳಿ ಒಣಗಿ ಬೀಸುವ ದಿನಗಳಲ್ಲಿ ಹಾಸುನೂಲು ಪದೇಪದೇ ಹರಿಯುತ್ತದೆ. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡುವುದರಿಂದ ನೂಲಿಗೆ ನೆಲದ ತಂಪು ಸಿಗುತ್ತದೆ. ಹವಾಮಾನವೆಂದರೆ ಮಳೆಯೊಂದೇ ಅಲ್ಲ ಎಂಬುದಕ್ಕೆ ಊರೊಳಗೇ ಇರುವ ಸಾಕ್ಷಿ ಇದು.

ಆದರೂ ಈ ಸೀಮೆಯ ಬೇಡಿಕೆಗಳೆಲ್ಲ ಮಳೆಯ ಸುತ್ತಲೇ ಇವೆ. ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಮಕ್ಕಳು ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಳ್ಳುವುದು ಮಳೆಗಾಗಿ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬರುವ ಜೋಕುಮಾರನನ್ನು ಕೇಳುವುದೂ ಮಳೆಯನ್ನೇ. ಚಳಿಯನ್ನು ಕೊಡೆಂದು ಯಾರೂ ಯಾವ ದೇವರನ್ನೂ ಬೇಡಿದಂತಿಲ್ಲ. ಬೇಡದೆಯೇ ಅದು ಕಾರ್ತಿಕಕ್ಕೆ ಬಂದು, ಶಿವರಾತ್ರಿಗೆ ಶಿವಶಿವಾ ಎಂದು ಹೋಗುತ್ತಿತ್ತು.

ಆ ಖಾತರಿ ಈಗ ಸಡಿಲುತ್ತಿದೆ. ಭಾರತೀಯ ಹವಾಮಾನ ಇಲಾಖೆಯ ದಾಖಲೆಗಳ ಪ್ರಕಾರ 1901ರಿಂದೀಚೆಗೆ ದೇಶದ ಅತ್ಯಂತ ಬೆಚ್ಚಗಿನ ವರ್ಷ 2024. ಆ ವರ್ಷ ದೇಶದ ಸರಾಸರಿ ಉಷ್ಣತೆ 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು. ಕನಿಷ್ಠ ಉಷ್ಣತೆ, ಅಂದರೆ ರಾತ್ರಿಯ ಉಷ್ಣತೆ, 0.90 ಡಿಗ್ರಿ ಹೆಚ್ಚಿತ್ತು. ಹಗಲಿಗಿಂತ ರಾತ್ರಿ ಹೆಚ್ಚು ಕಾಯುತ್ತಿದೆ ಎಂಬ ಮಾತನ್ನು ಇಲ್ಲಿ ಗುರುತಿಸಬೇಕು. ಅದೇ ವರ್ಷದ ಅಕ್ಟೋಬರ್, ಅಂದರೆ ಹಿಂಗಾರಿ ಬಿತ್ತುವ ತಿಂಗಳು, 1901ರ ನಂತರದ ಅಕ್ಟೋಬರ್‌ಗಳಲ್ಲೇ ಅತ್ಯಂತ ಬೆಚ್ಚಗಿನದಾಗಿತ್ತು. ಇವು ದೇಶದ ಸರಾಸರಿಗಳು. ಡಂಬಳದ ಹೊಲವೊಂದರ ರಾತ್ರಿಯನ್ನು ಇವುಗಳಿಂದ ನೇರವಾಗಿ ಓದಲಾಗದು. ದಿಕ್ಕು ಮಾತ್ರ ಸ್ಪಷ್ಟವಿದೆ.

ಬಿಸಿಯೊಂದೇ ಶತ್ರುವಲ್ಲ. ಚಳಿಗಾಲದ ಮುಗಿಲು ತಿಳಿಯಾಗಿರದೆ ಮೋಡ ಮುಸುಕಿದರೆ ರಾತ್ರಿ ತಣಿಯುವುದಿಲ್ಲ, ಇಬ್ಬನಿ ಕಟ್ಟುವುದಿಲ್ಲ. ಕಡಲೆಗೆ ಕಾಯಿಕೊರಕ ಹುಳು, ಜೋಳಕ್ಕೆ ಹೇನು ಏರುತ್ತವೆ. 2021ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ವಾರಗಟ್ಟಲೆ ಸುರಿದ ಅಕಾಲಿಕ ಮಳೆಯಲ್ಲಿ ನೀರು ಸಾಕಷ್ಟಿತ್ತು, ಹಿಂಗಾರಿಗೆ ಬೇಕಾದ ಹವೆ ಇರಲಿಲ್ಲ. 2023ರಲ್ಲಿ ಇದಕ್ಕೆ ತಿರುವುಮುರುವು: ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದ ಆ ವರ್ಷ ಎರೆಯ ಗಂಟು ತುಂಬಲೇ ಇಲ್ಲ. ಖಾಲಿ ಗಂಟಿನ ವರ್ಷದಲ್ಲಿ ಬೆಚ್ಚಗಿನ ರಾತ್ರಿಗಳು ಬಂದರೆ ಏನಾಗುತ್ತದೆಂದು ಲೆಕ್ಕ ಹಾಕಲು ದೊಡ್ಡ ಗಣಿತ ಬೇಡ.

ಸರ್ಕಾರಿ ಲೆಕ್ಕದಲ್ಲಿ ಇದೆಲ್ಲ ಎಲ್ಲಿದೆ? ಮಳೆಯ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯೆನ್ನಿಸುವ ಕೆಲಸ ಮಾಡಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಉಷ್ಣತೆ, ಆರ್ದ್ರತೆ, ಗಾಳಿಗಳನ್ನು ಅಳೆಯುವ ಕೇಂದ್ರಗಳಿರುವುದು ಹೋಬಳಿಗೊಂದರಂತೆ. ಆ ಅಂಕಿಗಳು ಬರುತ್ತಿವೆ, ಸಂಗ್ರಹವಾಗುತ್ತಿವೆ. ಆದರೆ ಬೆಳೆ ನಷ್ಟದ ಮಾತು ಬಂದಾಗ ಅವನ್ನು ಯಾರೂ ತೆರೆಯುವುದಿಲ್ಲ. ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಬರ ಘೋಷಣೆಯ ಮೊದಲ ಹೊಸ್ತಿಲು ಮಳೆಯ ಕೊರತೆ ಮತ್ತು ಮಳೆಯಿಲ್ಲದ ವಾರಗಳ ಎಣಿಕೆ. ಅದನ್ನು ದಾಟಿದ ಮೇಲಷ್ಟೇ ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಚಿತ್ರ, ಮಣ್ಣಿನ ತೇವ, ಜಲಾಶಯಗಳ ಮಟ್ಟ. ಮುಂಗಾರಿಗೆ ಈ ಕ್ರಮ ಹೊಂದುತ್ತದೆ. ಮಳೆ ನಿಂತ ಮೇಲೆ ಆರಂಭವಾಗುವ ಬೆಳೆಗೆ ಮಳೆಯ ಹೊಸ್ತಿಲನ್ನೇ ದಾಟಿ ಬಾ ಎನ್ನುವುದು ಎಷ್ಟರ ಮಟ್ಟಿಗೆ ಸರಿ? ಸೆಪ್ಟೆಂಬರ್‌ನಲ್ಲಿ ಮಳೆ ವಾಡಿಕೆಯಷ್ಟಾಗಿ, ನವೆಂಬರ್–ಜನವರಿ ಬೆಚ್ಚಗಾಗಿ ಇಳುವರಿ ಕುಸಿದ ವರ್ಷವನ್ನು ಈ ಕೈಪಿಡಿ ಒಳ್ಳೆಯ ವರ್ಷವೆಂದೇ ಬರೆದುಕೊಳ್ಳುತ್ತದೆ.

ಬೆಳೆ ವಿಮೆ ಇಳುವರಿಯನ್ನೇ ಅಳೆಯುತ್ತದಲ್ಲ ಎಂಬ ಸಮಾಧಾನವನ್ನು ಹೇಳುವವರಿದ್ದಾರೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಕಟಾವು ಪ್ರಯೋಗಗಳ ಮೂಲಕ ಇಳುವರಿ ತೂಗುವುದು ನಿಜ. ಆದರೆ ಅದನ್ನು ಹೋಲಿಸುವುದು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯೊಂದಿಗೆ. ಒಂದೇ ವರ್ಷ ಫಸಲು ಕುಸಿದುಬಿದ್ದರೆ ಈ ತಕ್ಕಡಿ ಅದನ್ನು ಹಿಡಿಯುತ್ತದೆ. ವರ್ಷಕ್ಕೆ ಒಂದಿಷ್ಟರಂತೆ ಸದ್ದಿಲ್ಲದೆ ಜಾರುವ ಇಳುವರಿಯ ಜೊತೆಗೆ ತಕ್ಕಡಿಯ ಬಟ್ಟೂ ಜಾರುತ್ತದೆ. ರೈತ ಸೋಲುತ್ತಲೇ ಇದ್ದರೂ ಕಾಗದದಲ್ಲಿ ಸೋಲು ಕಾಣುವುದಿಲ್ಲ. ಬೆಚ್ಚಗಾಗುವ ರಾತ್ರಿಗಳ ಪೆಟ್ಟು ಈ ಎರಡನೆಯ ಬಗೆಯದು.

ಇಲ್ಲಿ ಕಪ್ಪತಗುಡ್ಡದ ಪ್ರಸ್ತಾಪ ಬರಲೇಬೇಕು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿರುವ ಈ ಗುಡ್ಡಸಾಲು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು; 2016ರಲ್ಲಿ ಆ ಸ್ಥಾನಮಾನವನ್ನು ಹಿಂತೆಗೆದುಕೊಳ್ಳಲಾಯಿತು; ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ನಡೆಸಿದ ಜನಹೋರಾಟದ ಬಳಿಕ 2017ರಲ್ಲಿ ಅದು ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಧಾಮವೆಂದು ಘೋಷಿತವಾಯಿತು. ಸ್ವಾಮಿಗಳು ಅದನ್ನು ನೋಡಲು ಉಳಿದಿರಲಿಲ್ಲ; 2018ರ ಅಕ್ಟೋಬರ್‌ನಲ್ಲಿ ಅವರು ಲಿಂಗೈಕ್ಯರಾದರು. ಹೋರಾಟದ ದಿನಗಳಲ್ಲಿ 'ಕಪ್ಪತಗುಡ್ಡ ಇದ್ದರೆ ಮಳೆ' ಎಂಬ ಮಾತು ವೇದಿಕೆಗಳ ಮೇಲೆ ಮತ್ತೆಮತ್ತೆ ಕೇಳಿಬಂತು. ಪರಿಸರದ ಪರವಾಗಿ ಆಡಿದ ಮಾತಾದರೂ ಅದನ್ನು ಹಾಗೆಯೇ ಬಿಡುವಂತಿಲ್ಲ. ಈ ಎತ್ತರದ, ಈ ಅಗಲದ ಕುರುಚಲು ಗುಡ್ಡವೊಂದು ಸಹ್ಯಾದ್ರಿಯಂತೆ ಮಳೆಯನ್ನು ಹಿಂಡಿ ತೆಗೆಯಲಾರದು. ಅದು ಮಾಡುವ ಕೆಲಸ ಬೇರೆ. ಬಿದ್ದ ಮಳೆಯನ್ನು ಹುಲ್ಲು, ಪೊದೆ, ಬಿರುಕುಗಲ್ಲುಗಳ ನಡುವೆ ತಡೆದು ಇಂಗಿಸಿ ತಪ್ಪಲಿನ ಬಾವಿಗಳಿಗೂ ಡಂಬಳದಂಥ ಕೆರೆಗಳಿಗೂ ನಿಧಾನವಾಗಿ ಬಿಟ್ಟುಕೊಡುತ್ತದೆ. ಹುಲ್ಲು ಹೊದ್ದ ಇಳಿಜಾರು ಸಂಜೆಯಾಗುತ್ತಲೇ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಕಣಿವೆಗಳಲ್ಲಿ ಜಾರಿ ತಪ್ಪಲಿನ ಹೊಲಗಳ ಮೇಲೆ ಹರಡಿಕೊಳ್ಳುತ್ತದೆ. ಬೋಳಾಗಿಸಿ ಸೀಳಿದ ಕಲ್ಲುಗುಡ್ಡ ಹಗಲಿನ ಕಾವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಗುಡ್ಡವನ್ನು ಉಳಿಸಲು ಮಳೆಯ ಸುಳ್ಳು ಭರವಸೆ ಬೇಕಿಲ್ಲ; ನೀರು ಹಿಡಿಯುವ, ರಾತ್ರಿಯನ್ನು ತಣಿಸುವ ನಿಜವಾದ ಕೆಲಸಗಳೇ ಸಾಕಷ್ಟಿವೆ.

ಇದರ ಜೊತೆಗೇ ಇನ್ನೊಂದು ನಂಬಿಕೆ. ಗುಡ್ಡದ ನೆತ್ತಿಯಲ್ಲೂ ಸುತ್ತಲ ಬಯಲಿನಲ್ಲೂ ಎದ್ದಿರುವ ಗಾಳಿಯಂತ್ರಗಳ ರೆಕ್ಕೆಗಳು ಮೋಡಗಳನ್ನು ಚದುರಿಸಿ ಮಳೆಯನ್ನು ಓಡಿಸುತ್ತಿವೆ ಎಂದು ಈ ಭಾಗದ ಅನೇಕ ರೈತರು ದೂರುತ್ತಾರೆ. ಮಹಾರಾಷ್ಟ್ರದ ಸಾಂಗಲಿ, ಸಾತಾರಾಗಳಲ್ಲೂ 2000ದ ದಶಕದಲ್ಲಿ ಇದೇ ದೂರು ಎದ್ದಿತ್ತು. ಮಳೆ ಸುರಿಸುವ ಮೋಡ ಹಲವು ಸಾವಿರ ಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ. ನೂರು ಚಿಲ್ಲರೆ ಮೀಟರಿನ ಕಂಬಕ್ಕೆ ಅದು ಅಂಜುವುದಿಲ್ಲ. 1876–78ರ ಘೋರ ಬರ ಧಾರವಾಡ ಸೀಮೆಯನ್ನು ಉರಿಸಿದಾಗ ಇಲ್ಲಿ ಗಾಳಿಯಂತ್ರದ ನೆರಳೂ ಇರಲಿಲ್ಲ. ಆದರೂ ರೈತರ ಗುಮಾನಿಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಉಪಗ್ರಹದ ಅಂಕಿಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೊಡ್ಡ ಗಾಳಿವಿದ್ಯುತ್ ಕ್ಷೇತ್ರಗಳಲ್ಲಿ ರಾತ್ರಿಯ ನೆಲಮಟ್ಟದ ಉಷ್ಣತೆ ಸುತ್ತಲಿಗಿಂತ ತುಸು ಏರಿದ್ದನ್ನು ತೋರಿಸಿತು. ಯಂತ್ರ ಶಾಖ ಹುಟ್ಟಿಸುತ್ತದೆಂದಲ್ಲ. ರಾತ್ರಿ ನೆಲಕ್ಕೆ ತಾಗಿ ಕೂತ ತಂಪು ಗಾಳಿಯನ್ನು ಮೇಲಿನ ಬೆಚ್ಚನೆಯ ಗಾಳಿಯೊಡನೆ ಕಲಕುತ್ತದೆ. ಹಾಗಾದರೆ ಡೋಣಿ, ಡಂಬಳ, ಕಡಕೋಳಗಳ ರೈತರು ಕೇಳಬೇಕಾದ ಪ್ರಶ್ನೆ ಮೋಡದ್ದಲ್ಲ, ಇಬ್ಬನಿಯದು. ಯಂತ್ರಗಳ ಬುಡದಲ್ಲಿ ಹಾಗೂ ಅವುಗಳಿಂದ ದೂರದಲ್ಲಿ ನಸುಕಿನ ಉಷ್ಣತೆಯನ್ನು ಅಳೆದು ತೋರಿಸಿ ಎಂಬ ಬೇಡಿಕೆ, ಯಂತ್ರಗಳನ್ನು ಕಿತ್ತುಹಾಕಿ ಎಂಬ ಘೋಷಣೆಗಿಂತ ಹೆಚ್ಚು ದೂರ ಹೋಗಬಲ್ಲದು. ಯಂತ್ರಗಳಿಗಾಗಿ ಗುಡ್ಡದ ಮೈಮೇಲೆ ಕೊರೆದ ರಸ್ತೆಗಳು ಹರಿಸುವ ಮಣ್ಣಿಗೆ ಅಂಥ ಅಳತೆಯೂ ಬೇಡ. ಮಳೆಗಾಲದಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ತಪ್ಪೆಲ್ಲ ಹೊರಗಿನವರದೆಂದು ಹೇಳಿದರೆ ಅದೂ ಅರ್ಧಸತ್ಯವಾಗುತ್ತದೆ. ಎರೆಯ ಹಸಿಯನ್ನು ಕಾಯುವ ಹಳೆಯ ವಿವೇಕವನ್ನು ರೈತ ಸಮುದಾಯವೂ ಬಿಟ್ಟುಕೊಟ್ಟಿದೆ. ಮುಂಗಾರಿಯಲ್ಲಿ ಹೊಲವನ್ನು ಬೀಳು ಬಿಟ್ಟು, ಚೌಕುಮಡಿ ಕಟ್ಟಿ ಮಳೆಯನ್ನು ಇದ್ದಲ್ಲೇ ಇಂಗಿಸಿ, ಬಿತ್ತಿದ ಮೇಲೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಹುಡಿ ಮಾಡಿ ಬಿರುಕು ಮುಚ್ಚುವುದು ಮೊದಲಿನ ಕ್ರಮ. ಬಿರುಕು ಬಿಟ್ಟ ಎರೆಯಲ್ಲಿ ಒಳಗಿನ ಹಸಿ ಹೊಗೆಯಂತೆ ಹೊರಟುಹೋಗುತ್ತದೆ. ಎತ್ತುಗಳು ಕಡಿಮೆಯಾದವು, ಎಡೆಕುಂಟೆಯ ಜಾಗಕ್ಕೆ ಕಳೆನಾಶಕ ಬಂತು. ಕಳೆ ಸತ್ತಿತು, ಬಿರುಕು ಉಳಿಯಿತು. ನೆಲದ ಹಸಿಯಲ್ಲೇ ಬೇಸಿಗೆಯವರೆಗೆ ನಿಲ್ಲುತ್ತಿದ್ದ ಜಯಧರ ಹತ್ತಿಯ ಹೊಲಗಳಲ್ಲಿ ಬಿಟಿ ಹತ್ತಿ, ಗೋವಿನಜೋಳಗಳು ಬಂದವು. ಬಿಳಿಜೋಳ ಕಡಿಮೆಯಾದಂತೆ ಕಣಿಕೆಯೂ ಕಡಿಮೆ, ಕಣಿಕೆ ಕಡಿಮೆಯಾದಂತೆ ಎತ್ತು ಇನ್ನೂ ಕಡಿಮೆ. ಈ ಸುತ್ತನ್ನು ಎಲ್ಲಿಂದ ಬಿಡಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಚೌಕುಮಡಿಗೆ ಉದ್ಯೋಗ ಖಾತರಿಯ ಕೂಲಿ, ಟ್ರ್ಯಾಕ್ಟರ್‌ಗೆ ಹೂಡುವ ಎಡೆಕುಂಟೆ, ಬಿಳಿಜೋಳಕ್ಕೆ ಪಡಿತರ ಅಂಗಡಿಯಲ್ಲಿ ಖಾಯಂ ಜಾಗ: ಇವು ಮೂರೂ ಕೈಗೆಟುಕುವಷ್ಟು ಹತ್ತಿರದವು.

ಮಾಗಡಿಯ ಹೆಬ್ಬಾತುಗಳ ಲೆಕ್ಕ ಇಡಲು ಈಗ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಅವು ಮೇಯುವ ಹೊಲದ ರಾತ್ರಿಗಳ ಲೆಕ್ಕ ಇಡುವವರಿಲ್ಲ. ಹಿಮಾಚಲದ ತೋಟಗಾರಿಕಾ ವಿಜ್ಞಾನಿಗಳು ಸೇಬಿನ ಚಳಿಯನ್ನು ತಾಸಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ಡೆಲಿಷಿಯಸ್ ಜಾತಿಯ ಮರಕ್ಕೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ತಾಸು ಬೇಕೆಂದು ಅಲ್ಲಿನ ಬೆಳೆಗಾರನಿಗೂ ಗೊತ್ತು. ಆ ಲೆಕ್ಕವಿದ್ದುದರಿಂದಲೇ, ತೋಟಗಳು ಕುಲ್ಲು ಕಣಿವೆಯಿಂದ ಲಾಹೌಲಿನ ಎತ್ತರಕ್ಕೆ ಏಕೆ ಸರಿಯುತ್ತಿವೆ ಎಂದು ಅಲ್ಲಿ ವಾದಿಸುವುದಕ್ಕೆ ಆಧಾರ ಸಿಕ್ಕಿತು. ಗದಗದ ಕಡಲೆಗೂ ಜೋಳಕ್ಕೂ ಹತ್ತಿ ಹೋಗಲು ಎತ್ತರದ ಜಾಗವಿಲ್ಲ.

ಅಳತೆಗೆ ದುಬಾರಿ ಉಪಕರಣವೇನೂ ಬೇಕಿಲ್ಲ. ದಿನದ ಗರಿಷ್ಠ–ಕನಿಷ್ಠ ಎರಡನ್ನೂ ಹಿಡಿದು ತೋರಿಸುವ ಸಾದಾ ಉಷ್ಣತಾಮಾಪಕವೊಂದನ್ನು ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ, ಬಾಗಿಲು ಬಡಗಣಕ್ಕೆ ಬರುವಂತೆ ಇಡಬೇಕು. ಗೋಡೆಗೆ ತಾಗಿಸಬಾರದು, ಕಾಂಕ್ರೀಟಿನ ಅಂಗಳದಲ್ಲಿ ನಿಲ್ಲಿಸಬಾರದು. ಬೆಳಿಗ್ಗೆ ಎಂಟೂವರೆಗೆ ಓದಿ, ಇಬ್ಬನಿ ಬಿದ್ದಿತ್ತೋ ಇಲ್ಲವೋ, ಮುಗಿಲು ತಿಳಿಯೋ ಮೋಡವೋ ಎಂದು ಒಂದು ಸಾಲು ಬರೆದಿಡಬೇಕು. ಗುಡ್ಡದ ಮಡಿಲಿನ ಡೋಣಿಯಲ್ಲಿ ಒಂದು, ಡಂಬಳದ ಎರೆಯಲ್ಲಿ ಒಂದು, ಶಿರಹಟ್ಟಿಯ ಮಸಾರಿಯಲ್ಲಿ, ಮಾಗಡಿ ಕೆರೆಯ ದಂಡೆಯಲ್ಲಿ, ಲಕ್ಷ್ಮೇಶ್ವರದ ಪಡುವಣ ಹೊಲಗಳಲ್ಲಿ ಒಂದೊಂದು ಎಂದು ಹತ್ತು ಹನ್ನೆರಡು ಪ್ರೌಢಶಾಲೆಗಳು ಒಪ್ಪಿಕೊಂಡರೂ ಸಾಕು. ಅಕ್ಟೋಬರ್ ಒಂದರಿಂದ ಫೆಬ್ರುವರಿ ಕೊನೆಯವರೆಗೆ 151 ಬೆಳಗುಗಳು; ಅಧಿಕ ವರ್ಷವಾದರೆ 152.